ಫಿನ್ನಿಶ್‌ನ್ಯಾಗ ಹೇಳು

ಗದಗ-ಬೆಟಗೇರಿಯ ಜನ ಕನ್ನಡದಲ್ಲಿ ಹೇಳಿದ ಮಾತನ್ನು ನಂಬುವುದು ಬಿಟ್ಟದ್ದು ಆ ವರ್ಷದ ಮಳೆಗಾಲದಲ್ಲಿ. ಅದಕ್ಕೆ ಕಾರಣ ಫಿನ್ಲೆಂಡ್. ಆ ದೇಶದವರ ತಪ್ಪೇನೂ ಇದರಲ್ಲಿಲ್ಲ, ಅವರಿಗೆ ಇವತ್ತಿಗೂ ಈ ಸುದ್ದಿ ಮುಟ್ಟಿಲ್ಲ. ಅವರು ಕೇಳಿದ್ದು ನರ್ಸುಗಳನ್ನು ಮಾತ್ರ.

ಅಲ್ಲಿ ಮುದುಕರು ಹೆಚ್ಚು, ಮುದುಕರನ್ನು ಹಿಡಿದೆಬ್ಬಿಸಿ ಕೂರಿಸುವವರು ಕಡಿಮೆ. ನಮ್ಮಲ್ಲಿ ನರ್ಸಿಂಗ್ ಓದಿ ಮನೆಯಲ್ಲಿ ಕೂತವರು ಓಣಿಗೆ ಇಬ್ಬರು. ನಡುವೆ ಅಡ್ಡ ನಿಂತದ್ದು ಭಾಷೆ. ಒಂದೊಂದು ಪದಕ್ಕೂ ಹದಿನೈದು ಥರದ ಬಾಲ ಅಂಟಿಸುವ ಭಾಷೆಯದು. ಮೊದಲ ತಂಡದಲ್ಲಿ ಅದನ್ನು ಪುಸ್ತಕದಿಂದ ಕಲಿಯಲು ಹೋದ ಹುಡುಗಿಯೊಬ್ಬಳು ನಾಲ್ಕನೇ ಬಾಲಕ್ಕೆ ಬಂದಾಗ ಪುಸ್ತಕ ಮುಚ್ಚಿ, ಅಲ್ಲಿಯತನಕ ತಾನು ಬೇಡವೆನ್ನುತ್ತಿದ್ದ ಗಂಡಿಗೆ ಒಪ್ಪಿಗೆ ಕೊಟ್ಟಳು.

ಆಗ ಡಾಕ್ಟರ್ ಇಂದುಮತಿ ಹುಯಿಲಗೋಳ ಎಂಬ ಮೆದುಳು ವಿಜ್ಞಾನಿ ತಾವು ಕಂಡುಹಿಡಿದ, ಹಣೆಗೆ ಕಟ್ಟುವ ಪಟ್ಟಿಯಂಥ ಯಂತ್ರವನ್ನು ತಂದು, ಬೆಟಗೇರಿಯಲ್ಲಿ ಒಂದು ಖಾನಾವಳಿಯ ಮೇಲಿನ ಮಹಡಿ ಹಿಡಿದು, 'ಮಾತಿನಮನೆ' ಎಂಬ ಕಲಿಕಾ ಕೇಂದ್ರ ತೆರೆದರು. ಅದರ ಮೇಲ್ವಿಚಾರಕ ನಾನು. ಬಂದವರ ಹಣೆಯ ಎಣ್ಣೆ ಒರೆಸುವುದು, ಕುಂಕುಮವನ್ನು ಎರಡು ಬೆರಳು ಮೇಲೆ ಇಟ್ಟುಕೊಳ್ಳಲು ವಿನಂತಿಸುವುದು, ಪಟ್ಟಿ ಬಿಗಿಯುವುದು ನನ್ನ ವಿಜ್ಞಾನ. ಉಳಿದದ್ದು ಮೇಡಂ ಅವರದು.

ಮೇಡಂ ಅವರ ವಿಜ್ಞಾನ ಹೀಗಿತ್ತು. ನಾವು ಒಂದು ಮಾತನ್ನು ಆಡುವ ಮುಂಚೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಆ ಮಾತಿನ ಅರ್ಥ ಮೆದುಳಿನಲ್ಲಿ ಕಾಯಿಸಿದ ತಂತಿಯ ಹಾಗೆ ಕೆಂಪಗಾಗಿರುತ್ತದೆ. ಸರಿಯಾಗಿ ಆ ಗಳಿಗೆಗೆ ಪಟ್ಟಿಯು ಕಿವಿಯ ಹಿಂದೆ ಅದೇ ಮಾತನ್ನು ಫಿನ್ನಿಶ್‌ನಲ್ಲಿ ಪಿಸುಗುಟ್ಟುತ್ತದೆ. ಬಿಸಿ ಇರುವಾಗ ಬಿದ್ದ ಮಾತು ಅಲ್ಲೇ ಅಂಟುತ್ತದೆ. ವ್ಯಾಕರಣ ಬೇಡ, ಬಾಯಿಪಾಠ ಬೇಡ. ಹಸಿವಾದಾಗ ಹಸಿವು ಎನ್ನಿ ಸಾಕು, ಸಾಯುವತನಕ ಮರೆಯುವುದಿಲ್ಲ. ಮಾತು ಅಂಟಿದರೆ ಪಟ್ಟಿಯ ಮೇಲೆ ಹಸಿರು ದೀಪ, ಅಂಟದಿದ್ದರೆ ಕೆಂಪು.

ಮೊದಲ ವಾರವೇ ಊರು ಬೆರಗಾಯಿತು. ಹೆಣ್ಣುಮಕ್ಕಳು 'ನನ್ನ ಸೊಂಟ ಹಿಡಿದಿದೆ', 'ಈ ಸೆಕೆಗೆ ಬೆಂಕಿ ಹಾಕ', 'ಅತ್ತೆ ಬರುವ ಮೊದಲು ಮನೆ ಸೇರಬೇಕು' ಎಂಬುದನ್ನೆಲ್ಲ ಆ ದೇಶದಲ್ಲೇ ಹುಟ್ಟಿದವರ ಹಾಗೆ ಹೇಳತೊಡಗಿದರು. ಬೈಗುಳಗಳಂತೂ ಒಂದೇ ಮಧ್ಯಾಹ್ನದಲ್ಲಿ ಮುಗಿದವು, ಯಂತ್ರದ ಹತ್ತಿರ ಇದ್ದ ದಾಸ್ತಾನು ಸಾಲಲಿಲ್ಲ.

ಆದರೆ ಕೆಲವು ಮಾತು ಏನು ಮಾಡಿದರೂ ಅಂಟುತ್ತಿರಲಿಲ್ಲ. 'ನಿಮ್ಮನ್ನು ನೋಡಿ ಸಂತೋಷವಾಯಿತು' ಎಂದರೆ ಕೆಂಪು. 'ನನ್ನ ಊಟ ಆಗಿದೆ' ಎಂದರೆ ಕೆಂಪು. 'ಅಯ್ಯೋ, ತೊಂದರೆ ಏನೂ ಇಲ್ಲ' ಎಂದರೆ ಅಚ್ಚ ಕೆಂಪು. ಕೇಂದ್ರದ ಉದ್ಘಾಟನೆಗೆ ಬಂದಿದ್ದ ನಗರಸಭೆಯ ಸದಸ್ಯರೊಬ್ಬರು ಪಟ್ಟಿ ಕಟ್ಟಿಕೊಂಡೇ ಭಾಷಣ ಮಾಡಿದ್ದರು. ಆ ಪಟ್ಟಿಯ ಕೆಂಪು ದೀಪ ಸುಟ್ಟುಹೋಗಿ, ಹುಬ್ಬಳ್ಳಿಯಿಂದ ಬೇರೆ ತರಿಸಬೇಕಾಯಿತು. ಮೇಡಂ ಅವರು ಯಂತ್ರದ ಮೇಲೆ ಸಂಶಯಪಟ್ಟರು. ತಂತಿ ಬಿಚ್ಚಿದರು, ಕಟ್ಟಿದರು. ಕೊನೆಗೆ ದೋಷ ಹಿಡಿಯಲೆಂದು ತಾವೇ ಒಂದು ಪಟ್ಟಿ ಕಟ್ಟಿಕೊಂಡು ದಿನವಿಡೀ ಓಡಾಡತೊಡಗಿದರು.

ಹಾಗೆ ಕಟ್ಟಿಕೊಂಡೇ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದರು. ನನ್ನ ಹೆಂಡತಿ ನೀಲಗಂಗಾ ಗೋಧಿಹುಗ್ಗಿ ಮಾಡಿದ್ದಳು.

"ಹುಗ್ಗಿ ಭಾಳ ಛಲೋ ಆಗ್ಯದ್ರೀ," ಎಂದರು ಮೇಡಂ.

ಹಣೆಯ ಮೇಲೆ ಕೆಂಪು ದೀಪ ಹತ್ತಿತು.

"ಮೇಡಮ್ಮಾರ, ಆ ದೀಪ ಯಾಕ ಕೆಂಪಾತು?" ಎಂದಳು ನೀಲಗಂಗಾ.

"ಬ್ಯಾಟರಿ ಇರಬೇಕ್ರೀ." ಮತ್ತೆ ಕೆಂಪು.

"ಇನ್ನೊಂದ್ ಚೂರು ಹಾಕ್ಲ್ಯಾ?"

"ಬ್ಯಾಡ್ರೀ, ಹೊಟ್ಟಿ ತುಂಬ್ಯದ." ಕೆಂಪು.

ನೀಲಗಂಗಾ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. "ತಳಾ ಹತ್ತೇತಿ, ಹೌದಲ್ರಿ?"

ಮೇಡಂ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. "ಹೌದು," ಎಂದರು ಅವರು. ದೀಪ ಹಸಿರಾಯಿತು.

ದೀಪ ಈಗ ಹಸಿರು ಎಂದು ನಾವು ಹೇಳಿದಾಗ ಮೇಡಂ ತುತ್ತನ್ನು ತಟ್ಟೆಗಿಟ್ಟು ವಿವರಿಸತೊಡಗಿದರು. ಯಂತ್ರದಲ್ಲಿ ದೋಷವಿರಲಿಲ್ಲ. ಮನಸ್ಸಿನಲ್ಲಿ ಇಲ್ಲದ ಮಾತಿಗೆ ಮೆದುಳಿನಲ್ಲಿ ಬಿಸಿಯೇ ಹುಟ್ಟುವುದಿಲ್ಲ, ಬಿಸಿ ಇಲ್ಲದೆ ಮಾತು ಅಂಟುವುದಿಲ್ಲ. ಹಾಗಾದರೆ ಈ ಪಟ್ಟಿಯಿಂದ ಕಲಿತವರು ಫಿನ್ನಿಶ್‌ನಲ್ಲಿ ಸುಳ್ಳು ಹೇಳಲಾರರು. ಪದಗಳೆಲ್ಲ ಗೊತ್ತಿರುತ್ತವೆ, ನಾಲಗೆ ಮಾತ್ರ ಹಟಮಾರಿ ಕತ್ತೆಯ ಹಾಗೆ ನಡುದಾರಿಯಲ್ಲಿ ನಿಂತುಬಿಡುತ್ತದೆ.

ಅವರು ಇದನ್ನು ವಿವರಿಸಿ ಮುಗಿಸುವುದರೊಳಗೆ ನೀಲಗಂಗಾ ಆ ಪಟ್ಟಿ ಬಿಚ್ಚಿಸಿಕೊಂಡು ನನ್ನ ತಲೆಗೆ ಬಿಗಿದಾಗಿತ್ತು. "ನೀವ್ ಹೇಳ್ರೀ ಈಗ. ಮದುವಿ ಆದಾಗಿಂದ ನನ್ನ ಹುಗ್ಗಿ ಹೆಂಗಿರತೈತಿ?"

ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅಂದಿನಿಂದ ಹುಗ್ಗಿ ಮಾಡುವುದಿಲ್ಲ.

ಮರುದಿನವೇ ಮೇಡಂ ಎಲ್ಲ ಪಟ್ಟಿಗಳ ದೀಪ ಕೀಳಿಸಿದರು. ದೀಪ ಹೋಯಿತು, ಆದರೆ ಜನ ಕಲಿತ ಭಾಷೆ ಅವರ ಬಾಯಲ್ಲೇ ಉಳಿದಿತ್ತು. ಸುದ್ದಿಯೂ ಅಷ್ಟೊತ್ತಿಗೆ ನಮ್ಮ ಹಿತ್ತಲ ಬಾಗಿಲಿನಿಂದ ಊರು ಸೇರಿತ್ತು.

ಆಮೇಲೆ ಮಾತಿನಮನೆಯ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಫಿನ್ಲೆಂಡ್ ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದವರೂ ತಮ್ಮವರನ್ನು ಹಿಡಿದುಕೊಂಡು ಬಂದು ಕೋರ್ಸಿಗೆ ಹಚ್ಚಿದರು. ಹೆಣ್ಣು ಹೆತ್ತವರು ಭಾವೀ ಅಳಿಯನನ್ನು ಕಳಿಸಿದರು. ಅಳಿಯನ ಕಡೆಯವರು ಮದುವೆ ಮಾತಾಡಿಸಿದ ದಲ್ಲಾಳಿಯನ್ನು ಕಳಿಸಿದರು. ದಲ್ಲಾಳಿ ಊರು ಬಿಟ್ಟ. ಬಟ್ಟೆ ಅಂಗಡಿಯಲ್ಲಿ ಬಣ್ಣ ಹೋಗುವುದಿಲ್ಲ ಎಂದರೆ ಗಿರಾಕಿ ತಣ್ಣಗೆ, "ಫಿನ್ನಿಶ್‌ನ್ಯಾಗ ಹೇಳ್ರಲಾ," ಎನ್ನುತ್ತಿದ್ದ. ಕೆಲವು ಅಂಗಡಿಗಳ ಮುಂದೆ 'ಇಲ್ಲಿ ಕನ್ನಡದಲ್ಲಿ ಮಾತ್ರ ವ್ಯವಹರಿಸಲಾಗುವುದು' ಎಂಬ ಬೋರ್ಡು ಬಂತು. ಹೊರಗಿನಿಂದ ಬಂದ ಕನ್ನಡ ಹೋರಾಟಗಾರರು ಅದನ್ನು ನೋಡಿ ಆ ಅಂಗಡಿಯವರಿಗೆ ಶಾಲು ಹೊದಿಸಿ ಹೋದರು.

ಈ ಗದ್ದಲದ ನಡುವೆ ನಿಜವಾಗಿ ಫಿನ್ಲೆಂಡಿಗೆ ಹೋಗಬೇಕೆಂದು ಕಲಿಯುತ್ತಿದ್ದವರಲ್ಲಿ ಕಸ್ತೂರಿ ಒಬ್ಬಳು. ನರ್ಸು, ಬೆಟಗೇರಿಯ ಸೊಸೆ. ಅವಳ ಗಂಡ ಗುರುಶಾಂತ ನೇಕಾರರ ಸಂಘದಲ್ಲಿ ಸೀರೆ ಪಾಸು ಮಾಡುವವನು. ಮಗ್ಗದಿಂದ ಬಂದ ಒಂದೊಂದು ಸೀರೆಯನ್ನೂ ಬೆಳಕಿಗೆ ಹಿಡಿದು, ಎಳೆ ತಪ್ಪಿದ್ದು ಕಂಡರೆ ಪಕ್ಕಕ್ಕೆ ಎಸೆಯುವುದು ಅವನ ಕೆಲಸ. ಹಗಲೆಲ್ಲ ಹಾಗೆ ನೋಡಿದ ಕಣ್ಣು ಸಂಜೆ ಮನೆಗೆ ಬಂದರೂ ಹಾಗೆಯೇ ನೋಡುತ್ತಿತ್ತು. ಹೆಂಡತಿ ಯಾರ ಜೊತೆ ಮಾತಾಡಿದಳು, ಯಾಕೆ ನಕ್ಕಳು, ನಕ್ಕವಳು ಯಾಕೆ ನಿಲ್ಲಿಸಿದಳು. ಹೊಡೆಯುವವನಲ್ಲ, ಕುಡಿಯುವವನಲ್ಲ, ಬರೀ ನೋಡುವವನು. ಮಾತಿನಮನೆಯಲ್ಲಿ ಕಸ್ತೂರಿಯ ಸಂದರ್ಶನ ನಡೆದ ದಿನವೂ ಬಂದು ನನ್ನ ಪಕ್ಕದಲ್ಲಿ, ಕೋಣೆಯ ಗಾಜಿನ ಹೊರಗೆ ಕೂತ.

ಒಳಗೆ ಪರದೆಯ ಮೇಲೆ ಫಿನ್ಲೆಂಡಿನ ಆಸ್ಪತ್ರೆಯ ಹೆಣ್ಣುಮಗಳು. ಬಿಳಿ ಹುಬ್ಬು, ಮುಖದಲ್ಲಿ ನಗೆಯಿಲ್ಲ. ಕಸ್ತೂರಿಗಿಂತ ಮೊದಲು ಹೋದವರೆಲ್ಲ 'ನಿಮ್ಮ ದೇಶ ಸುಂದರ' ಎಂದು ಶುರುಮಾಡಲು ಹೋಗಿ, ಬಾಯಿ ತೆರೆದುಕೊಂಡು, ಹಾಗೆಯೇ ಎದ್ದು ಬಂದಿದ್ದರು. ಕಸ್ತೂರಿಗೂ ಅದೇ ಪ್ರಶ್ನೆ ಬಂತು: ಇಲ್ಲಿಗೆ ಬರಬೇಕು ಅಂತ ಯಾಕೆ ಅನಿಸಿತು?

ಕಸ್ತೂರಿ ಅವರ ಭಾಷೆಯಲ್ಲೇ ನಿರರ್ಗಳವಾಗಿ ಹೇಳಿದಳು: "ಅಲ್ಲಿ ನನಗೆ ನನ್ನದೇ ಒಂದು ಕೋಣೆ ಸಿಗುತ್ತದೆ. ಬಾಗಿಲು ಹಾಕಿಕೊಂಡರೆ ಯಾಕೆ ಹಾಕಿಕೊಂಡೆ ಅಂತ ಯಾರೂ ಕೇಳುವುದಿಲ್ಲ."

ಆ ಹೆಣ್ಣುಮಗಳು ತಲೆ ಎತ್ತಿದಳು. ಸಾಯುತ್ತಿರುವ ಮುದುಕರಿಗೆ ನೀನು ಏನು ಹೇಳುತ್ತೀ, ಎಂದು ಕೇಳಿದಳು.

"ಏನೂ ಹೇಳುವುದಿಲ್ಲ. ಕೈ ಹಿಡಿದುಕೊಂಡು ಕೂರುತ್ತೇನೆ."

ಕೆಲಸ ಅಲ್ಲೇ ಖಾತ್ರಿಯಾಯಿತು. ಗುರುಶಾಂತ ನನ್ನ ಮೊಣಕೈ ತಿವಿದ. "ರುದ್ರಣ್ಣಾರ, ಮೊದ್ಲ ಏನೋ ಉದ್ದಕ ಹೇಳಿದ್ಳಲ್ಲ, ಏನಂದ್ಳು?"

ದಿನಾ ಪಟ್ಟಿಗಳನ್ನು ನನ್ನ ತಲೆಗೇ ಕಟ್ಟಿ ಪರೀಕ್ಷಿಸಿ ಪರೀಕ್ಷಿಸಿ ನನಗೂ ಫಿನ್ನಿಶ್ ಬಂದುಬಿಟ್ಟಿತ್ತು. "ನಿಮ್ಮ ದೇಶ ಭಾಳ ಚಂದ ಐತಿ ಅಂದ್ಳಪಾ," ಎಂದೆ.

"ಹೌದಾ?" ಅವನು ನನ್ನನ್ನು ಬೆಳಕಿಗೆ ಹಿಡಿದವನಂತೆ ನೋಡಿದ. "ನನ್ನ ಹೇಣ್ತಿ ಹಂಗಂದ್ಳು ಅನ್ನೂದನ್ನ ಫಿನ್ನಿಶ್‌ನ್ಯಾಗ ಹೇಳ್ರಿ."

ನಾನು ಬಾಯಿ ತೆರೆದೆ. ಮೊದಲ ಪದ ಬಂತು, ಆಮೇಲೆ ಕೆಮ್ಮು ಬಂತು. ಕೆಮ್ಮು ಎಷ್ಟು ಹೊತ್ತು ನಡೆಯಿತೆಂದರೆ ಕೆಳಗಿನ ಖಾನಾವಳಿಯಿಂದ ನೀರು ತಂದುಕೊಟ್ಟರು. ಗುರುಶಾಂತ ಎದ್ದು ಹೋಗಿಬಿಟ್ಟಿದ್ದ.

ಮನೆಗೆ ಹೋಗಿ ಅವನು ಕಸ್ತೂರಿಯನ್ನೇ ಕೇಳಿದ. ಅವಳು ಮುಚ್ಚಿಡದೆ ಹೇಳಿದಳು. ಮರುದಿನ ಸಂಜೆ ಅವರ ಮನೆಯಿಂದ ನನಗೂ ನೀಲಗಂಗಾಳಿಗೂ ಕರೆ ಬಂತು, ಸಾಕ್ಷಿಗೆ. ಹೋಗಿ ನೋಡಿದರೆ ಚಾಪೆ ಹಾಸಿತ್ತು, ಚುರುಮುರಿ ಕಲಸಿಟ್ಟಿತ್ತು. ಗುರುಶಾಂತನ ತಾಯಿ ಸಿದ್ಲಿಂಗವ್ವ ಒಂದು ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು.

"ನೌಕರಿ ಸಿಕ್ಕೇತಿ, ಹೋಗ್ಲಿ. ನಾ ಅಡ್ಡ ಬರಂಗಿಲ್ಲ," ಎಂದ ಗುರುಶಾಂತ. "ಆದ್ರ ವಾಪಸ್ ಬರ್ತೀನಿ ಅಂತ ಒಂದ್ ಮಾತು ಫಿನ್ನಿಶ್‌ನ್ಯಾಗ ಹೇಳಿ ಹೋಗ್ಲಿ. ಆ ಮಾತು ಬಾಯಿಗೆ ಬರ್ಲಿಲ್ಲಂದ್ರ ನಾ ಕಾಯೂದೂ ಇಲ್ಲ, ಇಕಿ ಈ ಮನಿ ಬಾಗಿಲಾ ತುಳಿಯೂದೂ ಬ್ಯಾಡ."

"ಕನ್ನಡದಾಗ ಹೇಳಿದ್ರ ಆಗೂದಿಲ್ಲೇನ?" ಎಂದಳು ನೀಲಗಂಗಾ.

"ಕನ್ನಡದಾಗ ಯಾರ್ ಹೇಳಂಗಿಲ್ಲ ಹೇಳ್ರಿ ಯಕ್ಕಾ? ನಮ್ಮಪ್ಪ ದವಾಖಾನಿಗೆ ಹೋಗೂ ಮುಂದೂ ಬರ್ತೀನಿ ಅಂತನ ಹೇಳಿ ಹೋದ."

ಅದು ನಿಜ. ನಮ್ಮಲ್ಲಿ ಹೊಸಿಲು ದಾಟುವವರು 'ಹೋಗ್ತೀನಿ' ಎನ್ನುವುದಿಲ್ಲ. ಹಾಲಿನವನೂ ಬರ್ತೀನಿ ಎನ್ನುತ್ತಾನೆ, ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡಲಾರೆ ಎಂದು ಜಗಳವಾಡಿದ ಬೀಗರೂ ಚಪ್ಪಲಿ ಮೆಟ್ಟುತ್ತ ಬರ್ತೀವಿ ಎನ್ನುತ್ತಾರೆ. ಆ ಮಾತಿಗೆ ತೂಕವಿದೆಯೋ ಇಲ್ಲವೋ ಎಂದು ಯಾರೂ ಅದುವರೆಗೆ ನೋಡಲು ಹೋಗಿರಲಿಲ್ಲ.

ಕಸ್ತೂರಿ ಎದ್ದು ನಿಂತಳು. ಬಾಯಿ ತೆರೆದಳು. 'ನಾನು' ಎಂಬುದು ಬಂತು. ಆಮೇಲೆ ತುಟಿ ಅಲುಗಿತು, ಸ್ವರ ಹೊರಡಲಿಲ್ಲ.

"ಸಾವಕಾಶ, ನೀರ್ ಕುಡದು ಇನ್ನೊಮ್ಮಿ ಹೇಳವಾ," ಎಂದಳು ಸಿದ್ಲಿಂಗವ್ವ. ಅವಳಿಗೆ ಆ ಭಾಷೆಯ ಮೇಲೇ ನಂಬಿಕೆ ಇರಲಿಲ್ಲ. "ಅಲ್ರೀ ರುದ್ರಣ್ಣ, ಇದು ಖರೇನ ಒಂದು ದೇಶದ ಮಾತೋ, ಇಲ್ಲಾ ಆ ನಿಮ್ಮ ಮೇಡಮ್ಮು ಮನ್ಯಾಗ ಕುಂತು ಹೊಲದದ್ದೋ? ಅಲ್ಲಿ ಹೋದಮ್ಯಾಲ ಯಾರಿಗೂ ತಿಳೀಲಿಲ್ಲಂದ್ರ?"

ಕಸ್ತೂರಿ ಇನ್ನೊಮ್ಮೆ ಪ್ರಯತ್ನಿಸಿದಳು. ಮಾತು ಬರಲಿಲ್ಲ.

"ಎಳಿ ತಪ್ಪೇತಿ," ಎಂದ ಗುರುಶಾಂತ, ಸಣ್ಣ ದನಿಯಲ್ಲಿ.

"ಸುಳ್ಳ ಹೇಳಾಕತ್ತಿಲ್ರೀ ನಾ," ಎಂದಳು ಕಸ್ತೂರಿ. "ನನಗ ಗೊತ್ತಿಲ್ಲ. ಅಷ್ಟ."

"ಗೊತ್ತಿಲ್ಲಂದ್ರ ಬರೂದಿಲ್ಲ ಅಂತನ ಅರ್ಥ."

"ಬರೂದಿಲ್ಲ ಅನ್ನೂದೂ ನನ್ನ ಬಾಯಾಗ ಬರವಲ್ದು! ನಿನ್ನೆ ಬಚ್ಚಲದಾಗ ನಿಂತು ನಾನ ನೋಡೀನಿ. ನಾ ಹೊಳ್ಳಿ ಬರಂಗಿಲ್ಲ ಅನ್ನಾಕ ಹ್ವಾದ್ರೂ ಹಿಂಗ ನಿಂದ್ರತೈತಿ. ಅದನ್ನ ಯಾಕ ಕೇಳವಲ್ರಿ ನೀವು? ಅದನ್ನೂ ಹೇಳ ಅನ್ರಿ ಈಗ, ಎಲ್ಲಾರ ಮುಂದ!"

ಇಡೀ ಊರು ಆ ಮಳೆಗಾಲವೆಲ್ಲ ಇದೇ ತಪ್ಪು ಮಾಡಿತ್ತು ಎಂದು ನನಗೆ ಆಗ ಹೊಳೆಯಿತು. ಬಾಯಿಂದ ಬಾರದ ಮಾತೆಲ್ಲ ಸುಳ್ಳು ಎಂದು ತೀರ್ಮಾನಿಸಿದ್ದೆವು. ಅದರ ಉಲ್ಟಾ ಮಾತಾದರೂ ಬರುತ್ತದೆಯೇ ಎಂದು ಒಬ್ಬನೂ ನೋಡಿರಲಿಲ್ಲ. ಎಷ್ಟೋ ನಿಶ್ಚಿತಾರ್ಥ ಅದರಿಂದಲೇ ಮುರಿದಿದ್ದವು. ಹಾಗೆಂದು ಹೇಳೋಣವೆಂದುಕೊಂಡೆ, ಆದರೆ ಹಿಂದಿನ ದಿನದ ಕೆಮ್ಮಿನ ನಂತರ ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇರಲಿಲ್ಲ.

"ಇಷ್ಟ್ ಕೇಳ್ತೀರಲ್ಲ," ಎಂದಳು ಕಸ್ತೂರಿ ಗಂಡನಿಗೆ, "ನೀವೂ ಹೋಗಿ ಕಲೀರಿ. ನಾ ನಿನ್ನ ನಂಬೀನಿ ಅಂತ ಫಿನ್ನಿಶ್‌ನ್ಯಾಗ ಹೇಳ್ರಿ. ಅವತ್ತು ನಾನೂ ಹೇಳ್ತೀನಿ."

ಗುರುಶಾಂತ ಮರುದಿನವೇ ಮಾತಿನಮನೆಗೆ ಬಂದ. ಅವನಿಗೆ ಹಟ. ನಾನು ಹಣೆ ಒರೆಸಿ ಪಟ್ಟಿ ಬಿಗಿದೆ. ಮೇಡಂ ತಮ್ಮ ಯಂತ್ರದ ಮುಂದೆ ಕೂತರು, ದೀಪವಿಲ್ಲದಿದ್ದರೂ ಅವರ ಪರದೆಯ ಮೇಲೆ ಎಲ್ಲ ಕಾಣುತ್ತಿತ್ತು.

"ನಾ ನಿನ್ನ ನಂಬೀನಿ," ಎಂದ.

ಮೇಡಂ ತಲೆಯಾಡಿಸಿದರು. ಇಲ್ಲ.

"ನೀ ಬರೂತನಕಾ ನಾ ಕಾಯ್ತೀನಿ." ಇಲ್ಲ.

"ನೀ ಹ್ವಾದ್ರ ನನಗೇನೂ ಆಗೂದಿಲ್ಲ." ಅದೂ ಇಲ್ಲ.

"ಹಂಗಾರ ಹೋಗಬ್ಯಾಡ," ಎಂದ ಸಿಟ್ಟಿನಿಂದ. ಇದು ಅಂಟುತ್ತದೆ ಎಂದು ನಾನೂ ಮುಂದೆ ಬಾಗಿದೆ. ಮೇಡಂ ಪರದೆಯನ್ನು ದಿಟ್ಟಿಸಿ ನೋಡಿ, ಇಲ್ಲ ಎಂದರು. ಅವಳು ಹೋಗಬಾರದು ಎಂಬುದೂ ಅವನ ಮನಸ್ಸಿನಲ್ಲಿ ಪೂರ್ತಿ ಇರಲಿಲ್ಲ.

ಹೀಗೇ ದಿನಾ ಬಂದ. ಕಸ್ತೂರಿಯ ವೀಸಾ ಬಂತು, ಇವನ ಬಾಯಿಗೆ ಒಂದು ಮಾತೂ ಬರಲಿಲ್ಲ. ನೀರು ಎನ್ನುವುದನ್ನೂ ಅವನು ಕಲಿಯಲಿಲ್ಲ, ಬಾಯಾರಿದಾಗಲೂ ಇವರು ಕೊಡುವ ನೀರು ಎಂಥದೋ ಎಂಬ ಸಂಶಯವೇ ಮುಂದಿರುತ್ತಿತ್ತು. ಮೇಡಂ ಪಟ್ಟಿ ಬದಲಿಸಿದರು. ತಮ್ಮ ವಿಜ್ಞಾನದಲ್ಲಿ ಇಂಥ ತಲೆ ನೋಡಿಲ್ಲವೆಂದು ನನ್ನ ಹತ್ತಿರ ಹೇಳಿ, ಒಂದು ಲೇಖನ ಬರೆಯುವ ಯೋಚನೆಯನ್ನೂ ಮಾಡಿದರು.

ಒಂದು ಮಧ್ಯಾಹ್ನ ಪಟ್ಟಿ ಬಿಚ್ಚಲು ನಾನು ಅವನ ಹಿಂದೆ ಹೋದೆ. ಅವನಿಗೆ ನಾನು ಬಂದದ್ದು ಗೊತ್ತಿರಲಿಲ್ಲ. ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತ, ಯಾರಿಗೂ ಅಲ್ಲದಂತೆ, "ನನಗ ಅಂಜಿಕಿ ಆಗೈತಿ," ಎಂದ.

ಪಟ್ಟಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಅವನು ಬೆಚ್ಚಿ ಅದನ್ನೇ ತಿರುಗಿ ಅಂದ: "ಮಿನುವ ಪೆಲೊತ್ತಾ." ಅಲ್ಲಿನ ಯಾವುದೋ ಹಿಮದ ಹಳ್ಳಿಯಲ್ಲಿ ಹುಟ್ಟಿ ಬೆಳೆದವನು ಅಂದ ಹಾಗಿತ್ತು. ಪರದೆಯ ಮುಂದಿದ್ದ ಮೇಡಂ ಎದ್ದು ನಿಂತರು.

ಗುರುಶಾಂತ ಪಟ್ಟಿ ಕಿತ್ತು ನನ್ನ ಕೈಗೆ ತುರುಕಿದ. "ಇದನ್ನ ಹೊಳ್ಳಿ ತಗೀರಿ ಮೇಡಂ. ಇದು ಬ್ಯಾಡ ನನಗ."

"ಅಂಟಿದ್ದು ತಗೀಲಿಕ್ಕೆ ಬರೂದಿಲ್ಲ," ಎಂದರು ಮೇಡಂ.

ಬಾಗಿಲತನಕ ಹೋದವನು ತಿರುಗಿ ಬಂದ. "ರುದ್ರಣ್ಣಾರ, ಯಾರ ಮುಂದೂ ಇದನ್ನ ಹೇಳಬ್ಯಾಡ್ರಿ."

"ಇಲ್ಲಪಾ, ಹೇಳಂಗಿಲ್ಲ," ಎಂದೆ. ಕನ್ನಡದಲ್ಲಿ ಎಂದೆ.

ಕಸ್ತೂರಿ ಹೊರಟ ದಿನ ಗದಗಿನ ಸ್ಟೇಷನ್ನಿಗೆ ಅರ್ಧ ಬೆಟಗೇರಿ ಬಂದಿತ್ತು. ಕಳಿಸಿಕೊಡಲು ಬಂದವರು ಕಡಿಮೆ. ಕೊನೆಗೆ ಅವಳು ಫಿನ್ನಿಶ್‌ನಲ್ಲಿ ಬರ್ತೀನಿ ಎನ್ನುತ್ತಾಳೋ ಇಲ್ಲವೋ ಕೇಳಲು ಬಂದವರೇ ಹೆಚ್ಚು. ಭಾಷೆ ಬಲ್ಲವರು ಬೋಗಿಯ ಕಿಟಕಿಗೆ ಹತ್ತಿರ, ಬಾರದವರು ಅವರ ಹಿಂದೆ. ಒಬ್ಬನಂತೂ ತನ್ನ ಭಾವೀ ಅಳಿಯನನ್ನು ಅರ್ಥ ಹೇಳಲೆಂದೇ ಕರೆತಂದಿದ್ದ. ಸಿದ್ಲಿಂಗವ್ವ ಶೇಂಗಾಚಟ್ನಿ, ಕಟಕರೊಟ್ಟಿಯ ಗಂಟನ್ನು ಸೊಸೆಯ ತೊಡೆಯ ಮೇಲೆ ಇಟ್ಟು, ಆ ದೇಶದವರು ಕೇಳಿದರೂ ಪೂರ್ತಿ ಕೊಟ್ಟುಬಿಡಬೇಡ ಎಂದು ಎಚ್ಚರಿಸಿದಳು. ಗುರುಶಾಂತ ಸೂಟ್‌ಕೇಸಿನ ಬೀಗ ಎಳೆದು ನೋಡಿದ. ಅದನ್ನು ಸೀಟಿನ ಕಾಲಿಗೆ ಬಿಗಿದ ಸರಪಳಿ ಎಳೆದು ನೋಡಿದ. ಎದುರು ಸೀಟಿನಲ್ಲಿ ಕೂತಿದ್ದ ಪೂಜಾರಿಯೊಬ್ಬನನ್ನೂ ಒಂದು ಸಲ ಬೆಳಕಿಗೆ ಹಿಡಿದವನಂತೆ ನೋಡಿದ. ಇಳಿದು ಬಂದು ಕಿಟಕಿಯ ಸರಳು ಹಿಡಿದು ನಿಂತ.

ಗಾಡಿ ಕೂಗು ಹಾಕಿತು. ಜನ ಕಿಟಕಿಯ ಕಡೆ ಕಿವಿ ಚಾಚಿದರು.

"ಮಿನುವ ಪೆಲೊತ್ತಾ," ಎಂದ ಗುರುಶಾಂತ.

ಕಸ್ತೂರಿಯ ಕೈ ರೊಟ್ಟಿಯ ಗಂಟಿನ ಮೇಲೆ ನಿಂತಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅವಳ ಮುಂದೆ ಆ ಮಾತನ್ನು ಯಾವ ಭಾಷೆಯಲ್ಲೂ ಆಡಿರಲಿಲ್ಲ. ಅವಳು ಅವನನ್ನು ನೋಡಿದಳು, ಬಹಳ ಹೊತ್ತು, ಅವನು ಸೀರೆ ನೋಡುವ ಹಾಗೆ.

"ಮಿನುವಕಿನ್," ಎಂದಳು. ನನಗೂ, ಎಂದು. ಒಂದು ಕಡೆಯೂ ತಡೆಯದೆ ಬಂತು.

"ಏನಂತ? ಏನಂತ?" ಎಂದು ಹಿಂದಿನವರು ಮುಂದಿನವರನ್ನು ತಿವಿದರು. ಭಾವೀ ಅಳಿಯ ಮಾವನ ಕಿವಿಯಲ್ಲಿ ಹೇಳಿದ. ಮಾವ ನಿರಾಸೆಯಿಂದ, "ಅಷ್ಟನ?" ಎಂದ.

ಗಾಡಿ ಅಲುಗಿತು. ಕಸ್ತೂರಿ ಸರಳುಗಳ ನಡುವಿನಿಂದ ಕೈ ಹಾಕಿ ಅವನ ಬೆರಳು ಮುಟ್ಟಿ, ಅಚ್ಚ ಕನ್ನಡದಲ್ಲಿ, "ಬರ್ತೀನ್ರೀ," ಎಂದಳು.

ಇಡೀ ಪ್ಲಾಟ್‌ಫಾರ್ಮು ಗುರುಶಾಂತನ ಬಾಯಿ ನೋಡಿತು. ಅವನು ಅನ್ನಬೇಕಾದ ಮಾತು ಎಲ್ಲರಿಗೂ ಗೊತ್ತಿತ್ತು. ಕೆಲವರ ತುಟಿ ಅವನ ಪರವಾಗಿ ಆಗಲೇ ಅಲುಗುತ್ತಿತ್ತು. ಅವನು ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದ.

"ಹ್ಞೂಂ," ಎಂದ. "ಬಾ."

ಗಾಡಿ ಹೋಯಿತು. ಜನ ಮೋಸಹೋದವರ ಮುಖ ಮಾಡಿಕೊಂಡು ಚದುರಿದರು. ಸಿದ್ಲಿಂಗವ್ವ ಮಗನ ಅಂಗಿಯ ತೋಳು ಹಿಡಿದು ಜಗ್ಗಿದಳು.

"ಅಲ್ಲೋ, ಅಷ್ಟ್ ದಿನಾ ಕುಣದಿ. ಫಿನ್ನಿಶ್‌ನ್ಯಾಗ ಹೇಳು ಅಂತ ಯಾಕ ಕೇಳ್ಲಿಲ್ಲೋ?"

ಗುರುಶಾಂತ ಖಾಲಿ ಹಳಿಯ ಕಡೆ ನೋಡುತ್ತಿದ್ದ.

"ಕೇಳಿದ್ರ ಗೊತ್ತಾಗಿಬಿಡ್ತಿತ್ತಬೇ, ಯವ್ವಾ," ಎಂದ.